ನಾಟದ ಇಂಜೆಕ್ಷನ್

"ನನಗೆ ಮರಗಟ್ಟಿಸುವ ಇಂಜೆಕ್ಷನ್ ನಾಟುವುದಿಲ್ಲ." ಕುರ್ಚಿಯಲ್ಲಿ ಕುಳಿತವಳು ಹಲ್ಲಿನ ಡಾಕ್ಟರಿಗೆ ಮೊದಲು ಹೇಳಿದ್ದೇ ಇದನ್ನು. ಅದನ್ನೂ ಹಲ್ಲು ಕಚ್ಚಿಕೊಂಡೇ ಹೇಳಬೇಕಾಯಿತು. ಎರಡು ದಿನಗಳಿಂದ ನನ್ನ ಬಾಯಿ ಒಂದೂವರೆ ಬೆರಳಿಗಿಂತ ಹೆಚ್ಚು ತೆರೆಯುತ್ತಿರಲಿಲ್ಲ.

ಶುರುವಾದದ್ದು ಒಂದು ಮಂಗಳವಾರ. ಮುಂಬಯಿಯ ಫೋರ್ಟ್‌ನಲ್ಲಿರುವ ಕಚೇರಿಯಿಂದ ಹೊರಟು ಸಿಎಸ್‌ಎಂಟಿ ರೈಲು ನಿಲ್ದಾಣದಲ್ಲಿ ವಡಾಪಾವ್ ಕೊಂಡೆ. ಅದು ಬಾಯಿಯೊಳಗೆ ಹೋಗಲೇ ಇಲ್ಲ. ಕೆಳದವಡೆಯ ಎಡತುದಿಯಲ್ಲಿ ಎಂಟು ದಿನಗಳಿಂದ ಗುಮ್ಮೆನ್ನುತ್ತಿದ್ದ ನೋವು ಈಗ ಕಿವಿಯವರೆಗೆ ಹತ್ತಿತ್ತು. ಡೊಂಬಿವಲಿ ಫಾಸ್ಟ್ ಲೋಕಲ್‌ನ ಮಹಿಳಾ ಡಬ್ಬಿಯಲ್ಲಿ ಯಾರದೋ ಮೊಣಕೈ ಕೆನ್ನೆಗೆ ತಾಗಿದಾಗ ಕಣ್ಣಲ್ಲಿ ನೀರು ಬಂತು. ಪಕ್ಕದವಳು ನನ್ನ ಮುಖ ನೋಡಿ ತಾನೇ ಎದ್ದು ಜಾಗ ಕೊಟ್ಟಳು. ಆ ಹೊತ್ತಿನ ಗಾಡಿಯಲ್ಲಿ ಹಾಗೆ ಜಾಗ ಸಿಕ್ಕಿತೆಂದರೆ ನನ್ನ ಮುಖ ಹೇಗಿತ್ತೆಂದು ಊಹಿಸಬಹುದು.

ಮನೆಯಲ್ಲಿ ಆಯಿ ಲವಂಗ ಜಜ್ಜಿ ಕೊಟ್ಟಳು. ನಾವು ಕುಮಟೆಯ ಕಡೆಯವರು. ಊರಿನಲ್ಲಿ ತಾಯಿಗೆ ಆಯಿ ಎನ್ನುತ್ತೇವೆ, ಮುಂಬಯಿಗೆ ಬಂದ ಮೇಲೆ ಆ ಪದವೊಂದನ್ನು ಬದಲಿಸುವ ಕಷ್ಟವಿರಲಿಲ್ಲ. ಲವಂಗ ಅರ್ಧ ಗಂಟೆ ನಾಲಿಗೆಯನ್ನು ಜುಮ್ಮೆನಿಸಿತು, ಅಷ್ಟೇ. "ಕೂಸೇ, ಹಲ್ಲಿನ ಡಾಕ್ಟರರ ಹತ್ತಿರ ಹೋಗು" ಎಂದಳು. ನಾನು ಎರಡು ದಿನ ತಳ್ಳಿದೆ. ಕಾರಣ ಅವಳಿಗೂ ಗೊತ್ತಿತ್ತು.

ಆರನೇ ತರಗತಿಯಲ್ಲಿದ್ದಾಗ ನನ್ನ ಕೆಳದವಡೆಯ ಹಲ್ಲು ಹುಳುಕಾಗಿ ಕೆನ್ನೆ ಲಿಂಬೆಹಣ್ಣಿನಷ್ಟು ಊದಿತ್ತು. ಊರಿನ ಹತ್ತಿರದ ಪೇಟೆಯಲ್ಲಿ ಒಬ್ಬ ಡಾಕ್ಟರು ಊದಿದ ವಸಡಿಗೇ ಸೂಜಿ ಚುಚ್ಚಿ, ಐದು ನಿಮಿಷ ಬಿಟ್ಟು ಇಕ್ಕಳ ಹಾಕಿದರು. ನಾನು ಕಿರುಚಿದೆ. ಇನ್ನೊಂದು ಬಾರಿ ಚುಚ್ಚಿ ಮತ್ತೆ ಎಳೆದರು, ಮತ್ತೆ ಕಿರುಚಿದೆ. "ಎರಡು ಇಂಜೆಕ್ಷನ್ ಆದ ಮೇಲೆ ನೋವು ಎಲ್ಲಿಂದ ಬರುತ್ತದೆ? ಇದು ನಾಟಕ. ಕೈ ಹಿಡಿದುಕೊಳ್ಳಿ" ಎಂದರು ಅವರು. ಯಾರೋ ಹಿಡಿದುಕೊಂಡರು. ಹಲ್ಲು ಬಂತು. ಮದ್ದು ನಾಟಲಿಲ್ಲವೋ ನಾನು ನಾಟಕ ಮಾಡಿದೆನೋ ಎಂಬುದು ಮಾತ್ರ ಮೂವತ್ತಾರು ವರ್ಷ ನನ್ನೊಳಗೆ ತೀರ್ಮಾನವಾಗದೆ ಉಳಿಯಿತು.

ಮಾನಪಾಡಾ ರಸ್ತೆಯ ಈ ಕ್ಲಿನಿಕ್ಕಿನ ಡಾಕ್ಟರು ಧಾರವಾಡದ ಹುಡುಗ. ಹುಡುಗ ಎಂದರೆ ಮೂವತ್ತೈದರ ಆಸುಪಾಸು. ನನಗೆ ಹಲ್ಲಿನವರೆಲ್ಲ ಈಗ ಹುಡುಗರಾಗಿಯೇ ಕಾಣುತ್ತಾರೆ. ನನ್ನ ಘೋಷಣೆ ಕೇಳಿ ಅವರು ನಗಲಿಲ್ಲ. "ಯಾವಾಗ ನಾಟಲಿಲ್ಲ ಅಕ್ಕಾ? ಆಗ ಮುಖ ಊದಿತ್ತೇ?" ಎಂದು ಕೇಳಿದರು. ಆ ಎರಡನೆಯ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ.

ಎಕ್ಸ್-ರೇ ನೋಡಿದರೆ ಬುದ್ಧಿಹಲ್ಲು ನೆಟ್ಟಗೆ ಏಳದೆ ಮುಂದಿನ ಹಲ್ಲಿನ ಬೆನ್ನಿಗೆ ಒರಗಿ ಮಲಗಿತ್ತು. ಮರಾಠಿಯಲ್ಲಿ ಇದಕ್ಕೆ ಅಕ್ಕಲ್ ದಾಢ್ ಎನ್ನುತ್ತಾರೆ. ನನ್ನ ಅಕ್ಕಲು ನಲವತ್ತೇಳರಲ್ಲೂ ಅಡ್ಡಡ್ಡವಾಗಿಯೇ ಇತ್ತು. ಹಲ್ಲಿನ ಮೇಲೆ ಅರ್ಧ ಮುಚ್ಚಿದ ವಸಡಿನ ಕೆಳಗೆ ಆಹಾರ ಸಿಕ್ಕಿ ಕೀವಾಗಿತ್ತು, ಬಾಯಿ ಬಿಗಿದದ್ದು ಅದರಿಂದಲೇ. ಈಗಲೇ ಕಿತ್ತು ಬಿಡಿ ಎಂದು ನಾನು, ಅಷ್ಟೊತ್ತು ಹೆದರಿದ್ದವಳೇ, ಒತ್ತಾಯಿಸಿದೆ. ಅವರು ಒಪ್ಪಲಿಲ್ಲ. ವಸಡಿನ ಕೆಳಗೆ ಪಿಚಕಾರಿಯಿಂದ ತೊಳೆದು, ಐದು ದಿನಕ್ಕೆ ಅಮಾಕ್ಸಿಸಿಲಿನ್ ಮತ್ತು ಮೆಟ್ರೊನಿಡಜೋಲ್ ಬರೆದುಕೊಟ್ಟರು. ಬಿಸಿ ಉಪ್ಪುನೀರು ಮುಕ್ಕಳಿಸಿ, ಬಾಯಿ ತೆರೆಯುವಂತಾದ ಮೇಲೆ ಬನ್ನಿ ಎಂದರು.

ಕಾರಣ ಹೇಳಲು ಅವರು ಆರಿಸಿಕೊಂಡದ್ದು ಲೋಕಲ್ ರೈಲನ್ನು. ಡೊಂಬಿವಲಿಯಲ್ಲಿ ಕ್ಲಿನಿಕ್ ಇಟ್ಟವರಿಗೆ ಬೇರೆ ಉಪಮೆ ಹೊಳೆಯುವುದೂ ಕಷ್ಟ. ಲಿಗ್ನೋಕೇನ್ ಎಂಬ ಈ ಮದ್ದು ಸೀಸೆಯಲ್ಲಿರುವಾಗ ಉಪ್ಪಿನ ರೂಪದಲ್ಲಿ, ಸ್ವಲ್ಪ ಆಮ್ಲೀಯವಾಗಿ ಇರುತ್ತದೆ. ಅದರ ಕಣಗಳೆಲ್ಲ ವಿದ್ಯುದಂಶದ ಹೊರೆ ಹೊತ್ತಿರುತ್ತವೆ. ನರದ ಸುತ್ತ ಇರುವುದು ಕೊಬ್ಬಿನ ಪೊರೆ, ಹೊರೆ ಹೊತ್ತವರಿಗೆ ಅಲ್ಲಿ ಪ್ರವೇಶವಿಲ್ಲ. ಆರೋಗ್ಯವಂತ ಮಾಂಸದೊಳಗೆ ಬಿದ್ದ ಕೂಡಲೇ ಸುಮಾರು ನಾಲ್ಕನೇ ಒಂದು ಪಾಲು ಕಣಗಳು ಹೊರೆ ಇಳಿಸಿ ಒಳಗೆ ನುಗ್ಗುತ್ತವೆ. ನುಗ್ಗಿದ ಮೇಲೆ ಮತ್ತೆ ಹೊರೆ ಹೊತ್ತುಕೊಂಡು, ಸೋಡಿಯಂ ಒಳಬರುವ ಬಾಗಿಲಿಗೆ ಒಳಗಿನಿಂದಲೇ ಅಡ್ಡ ನಿಲ್ಲುತ್ತವೆ. ಸೋಡಿಯಂ ಬರದಿದ್ದರೆ ನರದಲ್ಲಿ ಸಂದೇಶ ಮುಂದೆ ಸಾಗುವುದಿಲ್ಲ. "ಬಾಗಿಲಲ್ಲೇ ನಿಂತು ಥಾಣೆ ನಿಲ್ದಾಣದವರನ್ನು ಹತ್ತಲು ಬಿಡದವರನ್ನು ನೀವು ದಿನಾ ನೋಡುತ್ತೀರಲ್ಲ, ಹಾಗೆ" ಎಂದರು. ನೋಡುತ್ತೇನೆ. ಕೆಲವು ದಿನ ನಾನೇ ಹಾಗೆ ನಿಂತಿರುತ್ತೇನೆ.

ಕೀವು ಇರುವಲ್ಲಿ ಆಮ್ಲ ಹೆಚ್ಚು. ಅಲ್ಲಿ ಹೊರೆ ಇಳಿಸುವವರೇ ಇಲ್ಲ, ನೂರರಲ್ಲಿ ನಾಲ್ಕಾರು ಕಣ ಒಳಗೆ ಹೋದರೆ ಹೆಚ್ಚು. ಜೊತೆಗೆ ಊದಿಕೊಂಡ ಜಾಗದಲ್ಲಿ ರಕ್ತದ ಓಡಾಟ ಜಾಸ್ತಿಯಾಗಿ ಮದ್ದು ಬೇಗ ಕೊಚ್ಚಿಹೋಗುತ್ತದೆ, ಕೆರಳಿದ ನರವೂ ಸುಲಭಕ್ಕೆ ಬಗ್ಗುವುದಿಲ್ಲ. "ಆ ದಿನ ಊತದೊಳಗೇ ಚುಚ್ಚಿದ್ದರೆ, ನಿಮಗೆ ನೋವಾಗಿದ್ದರಲ್ಲಿ ಆಶ್ಚರ್ಯವಿಲ್ಲ ಅಕ್ಕಾ."

ಇಷ್ಟು ಹೇಳಿ ಅವರು ಕೈಗವಸು ಬಿಚ್ಚಿ ಮುಂದಿನ ರೋಗಿಯ ಹೆಸರು ಕರೆಸಿದರು. ನಾನು ಹೊರಗೆ ಬಂದು, ಔಷಧದ ಅಂಗಡಿಯನ್ನು ದಾಟಿ, ರಿಕ್ಷಾ ಸ್ಟ್ಯಾಂಡನ್ನೂ ದಾಟಿ ನಡೆದೇ ಬಿಟ್ಟೆ. ಮಾತ್ರೆ ಕೊಳ್ಳಲು ವಾಪಸು ಬರಬೇಕಾಯಿತು.

ಮಾತ್ರೆಯ ಐದು ದಿನಗಳಲ್ಲಿ ನನಗೆ ಇನ್ನೊಂದು ಕೆಲಸ ಅಂಟಿಕೊಂಡಿತು. ವಿಮಾ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಕ್ಲೇಮಿನ ಕಾಗದಗಳನ್ನು ನೋಡಿದವಳು ನಾನು, ಒಂದು ಹೆಸರು ಸಿಕ್ಕರೆ ಅದು ಇನ್ನೆಲ್ಲಿ ಬಂದಿದೆ ಎಂದು ಹುಡುಕದೆ ಬಿಡುವುದಿಲ್ಲ. ಲಿಗ್ನೋಕೇನ್, ಅಮೆರಿಕದವರ ಲಿಡೊಕೇನ್, ಬಹಳ ಆಸ್ಪತ್ರೆಗಳಲ್ಲಿ ಬಾಯಿಮಾತಿಗೆ ಜೈಲೋಕೇನ್. ಹುಡುಕಿದರೆ ಇದು ನಮ್ಮ ಮನೆಯಲ್ಲೇ ವರ್ಷಗಳಿಂದ ಓಡಾಡಿಕೊಂಡಿತ್ತು. ಅಪ್ಪನಿಗೆ ಪ್ರಾಸ್ಟೇಟ್ ತೊಂದರೆಯಾಗಿ ಮೂತ್ರದ ನಳಿಕೆ ಹಾಕಿದಾಗ ಬಳಸಿದ ಪಾರದರ್ಶಕ ಜೆಲ್ಲಿ ಇದೇ. ಗಂಡನಿಗೆ ಎಂಡೋಸ್ಕೋಪಿಗೆ ಮೊದಲು ಗಂಟಲಿಗೆ ಸಿಂಪಡಿಸಿದ ಕಹಿ ಸ್ಪ್ರೇ ಇದೇ. ಅವರು ಆ ದಿನ ನುಂಗಲಾಗುತ್ತಿಲ್ಲ, ಗಂಟಲೇ ಇಲ್ಲವಾಗಿದೆ ಎಂದು ಗಾಬರಿಯಾಗಿದ್ದರು. ಅದು ಇಳಿಯುವವರೆಗೆ ನೀರು ಕುಡಿಯಬಾರದು, ಶ್ವಾಸನಾಳಕ್ಕೆ ಹೋದೀತು ಎಂದು ನರ್ಸ್ ತಡೆದಿದ್ದಳು. ನನ್ನ ಹೆರಿಗೆಯ ನಂತರದ ಹೊಲಿಗೆಗೆ ಚುಚ್ಚಿದ್ದೂ ಇದೇ. ಆಗ ಅದು ಚೆನ್ನಾಗಿಯೇ ನಾಟಿತ್ತು. ಮಗುವಿನ ಗಲಾಟೆಯಲ್ಲಿ ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ನನ್ನ ಮೂವತ್ತಾರು ವರ್ಷದ ನಂಬಿಕೆಯ ವಿರುದ್ಧ ಸಾಕ್ಷಿ ನನ್ನದೇ ಕಡತದಲ್ಲಿತ್ತು.

ಹೆಚ್ಚು ಆಶ್ಚರ್ಯವಾದದ್ದು ಇದೇ ಮದ್ದನ್ನು ಹೃದಯದ ಕೆಳಕೋಣೆಗಳ ಬಡಿತ ಅಪಾಯಕಾರಿಯಾಗಿ ತಾಳ ತಪ್ಪಿದಾಗ ರಕ್ತನಾಳಕ್ಕೆ ಕೊಡುತ್ತಾರೆ ಎಂದು ತಿಳಿದಾಗ. ಅಲ್ಲಿಯೂ ಮುಚ್ಚುವುದು ಅದೇ ಸೋಡಿಯಂ ಬಾಗಿಲುಗಳನ್ನು. ಹಾಗಾಗಿಯೇ ಪ್ರಮಾಣ ಮೀರಿ ರಕ್ತಕ್ಕೆ ಸೇರಿದರೆ ಇದು ಕೆಡುಕನ್ನೂ ಮಾಡುತ್ತದೆ. ಮೊದಲು ತುಟಿಯ ಸುತ್ತ ಜುಮ್ಮೆನ್ನುವುದು, ಬಾಯಲ್ಲಿ ಲೋಹದ ರುಚಿ, ಕಿವಿಯಲ್ಲಿ ಗುಂಯ್‌ಗುಡುವ ಸದ್ದು. ಮುಂದೆ ತಲೆಸುತ್ತು, ಸೆಳವು, ಕೊನೆಗೆ ಹೃದಯವೇ ನಿಲ್ಲಬಹುದು. ಅಂಥ ಹೊತ್ತಿಗೆ ಆಸ್ಪತ್ರೆಗಳಲ್ಲಿ ರಕ್ತನಾಳಕ್ಕೆ ಕೊಬ್ಬಿನ ದ್ರಾವಣ ಕೊಡುತ್ತಾರೆ, ಅದು ಮದ್ದನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕಿವಿಯಲ್ಲಿ ಗುಂಯ್ ಎಂದಂತಾಯಿತು, ಇನ್ನೂ ಒಂದು ಹನಿ ಮದ್ದೂ ಒಳಗೆ ಹೋಗಿರಲಿಲ್ಲ.

ಇದರ ಹುಟ್ಟಿನ ಕಥೆ ಮಾತ್ರ ನನಗೆ ಇಷ್ಟವಾಯಿತು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕಣ್ಣಿನ ಶಸ್ತ್ರಚಿಕಿತ್ಸೆಗೆ ಕೊಕೇನ್ ಬಳಸಿ ತೋರಿಸಿದ ಮೇಲೆ, ಅದರ ಚಟವಿಲ್ಲದ ಬದಲಿಗಾಗಿ ಎಲ್ಲೆಡೆ ಹುಡುಕಾಟ ನಡೆದಿತ್ತು. 1930ರ ದಶಕದಲ್ಲಿ ಸ್ವೀಡನ್ನಿನ ಪ್ರಯೋಗಾಲಯವೊಂದರಲ್ಲಿ ಬಾರ್ಲಿ ಗಿಡದಲ್ಲಿರುವ ಗ್ರಾಮೀನ್ ಎಂಬ ವಸ್ತುವನ್ನು ತಯಾರಿಸಲು ಹೋದ ಹೊಲ್ಗರ್ ಎರ್ಡ್ಟ್‌ಮನ್ ಎಂಬಾತ ಬೇರೇನನ್ನೋ ತಯಾರಿಸಿ, ಅದನ್ನು ನಾಲಿಗೆಗೆ ಮುಟ್ಟಿಸಿ ನೋಡಿದ. ನಾಲಿಗೆ ಮರಗಟ್ಟಿತು. ಆ ಎಳೆ ಹಿಡಿದು ಹೋದ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಲಿಡೊಕೇನ್ ತಯಾರಿಸಿದ. ಅವನ ಜೊತೆಗಿದ್ದ ಬೆಂಗ್ಟ್ ಲುಂಡ್‌ಕ್ವಿಸ್ಟ್ ಎಂಬ ತರುಣ ಅದನ್ನು ತನ್ನ ಮೈಗೇ ಚುಚ್ಚಿಕೊಂಡು ಪರೀಕ್ಷಿಸಿದ. 1948ರಲ್ಲಿ ಜೈಲೋಕೇನ್ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು. ಸಿಕ್ಕಿದ್ದನ್ನೆಲ್ಲ ನೆಕ್ಕಬೇಡ ಎಂದು ಮಗನಿಗೆ ನಾನು ಎಷ್ಟು ಸಲ ಬೈದಿದ್ದೇನೋ.

ಆರನೆಯ ದಿನ ಬಾಯಿ ಮೂರು ಬೆರಳಗಲ ತೆರೆಯಿತು. ಶನಿವಾರ ಹನ್ನೊಂದೂವರೆಗೆ ಕ್ಲಿನಿಕ್ಕಿಗೆ ಹೋದೆ. ರಕ್ತದೊತ್ತಡ ನೋಡಿದರು. ಹೃದಯದ ತೊಂದರೆ, ಯಕೃತ್ತಿನ ತೊಂದರೆ, ನುಂಗುತ್ತಿರುವ ಮಾತ್ರೆಗಳು, ಹಿಂದೆ ಯಾವುದಾದರೂ ಔಷಧ ಒಗ್ಗದೇ ಇದ್ದದ್ದು, ಎಲ್ಲವನ್ನೂ ಕೇಳಿದರು. ಕೆಲವೆಡೆ ಮುಂಗೈಗೆ ಸ್ವಲ್ಪ ಚುಚ್ಚಿ ಅಲರ್ಜಿ ಇದೆಯೇ ಎಂದು ನೋಡುವ ಪದ್ಧತಿಯಿದೆ, ನನ್ನ ನಾದಿನಿಗೆ ಹಾಗೆ ಮಾಡಿದ್ದರು. ಇಲ್ಲಿ ಮಾಡುವುದಿಲ್ಲವೇ ಎಂದೆ. ಲಿಗ್ನೋಕೇನ್‌ಗೆ ನಿಜವಾದ ಅಲರ್ಜಿ ಬಹಳ ವಿರಳ, ಹೆದರಿಕೆಯಿಂದ ತಲೆಸುತ್ತಿ ಬಿದ್ದವರೇ ತಮಗೆ ಅಲರ್ಜಿ ಎಂದು ತಿಳಿದಿರುತ್ತಾರೆ, ನಿಮ್ಮ ಹೆರಿಗೆಯಲ್ಲಿ ಏನೂ ಆಗಿಲ್ಲವಲ್ಲ ಎಂದರು. ಅವರಿಗೆ ಆ ವಿಷಯ ಹೇಳಿದ್ದು ನಾನೇ.

ಲೆಕ್ಕವನ್ನೂ ಕೇಳಿಬಿಟ್ಟೆ. ಅವರ ಮೇಜಿನ ಮೇಲಿದ್ದದ್ದು ಶೇಕಡಾ 2ರ ಮದ್ದು, ಒಂದು ಎಂಎಲ್‌ನಲ್ಲಿ 20 ಮಿಲಿಗ್ರಾಂ, ಜೊತೆಗೆ 80,000ಕ್ಕೆ ಒಂದರಂತೆ ಅಡ್ರಿನಾಲಿನ್. ಅಡ್ರಿನಾಲಿನ್ ಬೆರೆಸಿದ್ದಕ್ಕೆ ದೇಹತೂಕದ ಕಿಲೋ ಒಂದಕ್ಕೆ 7 ಮಿಲಿಗ್ರಾಂ ಮೀರಬಾರದು. ನನ್ನ 58 ಕಿಲೋಗೆ 406 ಮಿಲಿಗ್ರಾಂ, ಅಂದರೆ ಸುಮಾರು 20 ಎಂಎಲ್. "ನಿಮಗೆ ಬೇಕಾಗುವುದು ಮೂರೋ ನಾಲ್ಕೋ ಎಂಎಲ್. ಆಡಿಟ್ ಮುಗಿಯಿತೇ?" ಎಂದರು. ಮುಗಿಯಿತು. ಆಮೇಲೆ ಅವರು ಹೇಳಿದ್ದು ಇಷ್ಟು: "ಎಳೆದಂತೆ, ಒತ್ತಿದಂತೆ ಅನ್ನಿಸುತ್ತದೆ. ಅದು ನೋವಲ್ಲ. ನೋವು ಎನಿಸಿದರೆ ಎಡಗೈ ಎತ್ತಿ, ನಾನು ನಿಲ್ಲಿಸುತ್ತೇನೆ."

ಮೊದಲು ವಸಡಿಗೆ ಮದ್ದಿನ ಜೆಲ್ ಸವರಿ ಒಂದೆರಡು ನಿಮಿಷ ಬಿಟ್ಟರು. ಸೂಜಿ ಹೋದದ್ದು ನೋವಿದ್ದ ಜಾಗಕ್ಕಲ್ಲ. ಬಾಯಿಯ ಹಿಂಬದಿ, ದವಡೆಯ ಮೂಳೆ ಕಿವಿಯ ಕಡೆಗೆ ಏರುವಲ್ಲಿ ಒಳಮಗ್ಗುಲಿಗೆ. ಕೆಳಹಲ್ಲುಗಳಿಗೆ ಹೋಗುವ ನರ ಮೂಳೆಯೊಳಗೆ ಇಳಿಯುವುದು ಅಲ್ಲಿಯೇ. ಬುಡದಲ್ಲೇ ತಡೆದರೆ ಆ ಬದಿಯ ಕೆಳಹಲ್ಲುಗಳು, ಅರ್ಧ ತುಟಿ, ಅರ್ಧ ನಾಲಿಗೆ ಎಲ್ಲವೂ ಮಲಗುತ್ತವೆ. ಒತ್ತುವ ಮೊದಲು ಸಿರಿಂಜನ್ನು ಹಿಂದಕ್ಕೆ ಎಳೆದು ರಕ್ತ ಬರುತ್ತದೆಯೇ ನೋಡಿದರು, ಮದ್ದು ನೇರ ರಕ್ತನಾಳಕ್ಕೆ ಹೋಗಬಾರದಲ್ಲ. ಒತ್ತಿದ್ದು ಬಹಳ ನಿಧಾನ. ಸ್ವಲ್ಪ ಉರಿಯಿತು. ಆ ಉರಿಗೂ ಸೀಸೆಯ ಆಮ್ಲವೇ ಕಾರಣ.

ಇನ್ನೇನು ಎನ್ನುವಾಗ ಎದೆ ಡವಡವ ಎಂದಿತು. ಕೈ ನಡುಗಿತು. ಇದೇ ಅದು, ತಾಳ ತಪ್ಪಿತು ಎಂದುಕೊಂಡೆ. ಅಡ್ರಿನಾಲಿನ್ ಅಕ್ಕಾ, ಎರಡು ನಿಮಿಷ, ಉಸಿರು ಬಿಡಿ ಎಂದರು. ರಕ್ತನಾಳಗಳನ್ನು ಕುಗ್ಗಿಸಿ ಮದ್ದನ್ನು ಅಲ್ಲಿಯೇ ಕಟ್ಟಿಹಾಕುವುದು, ರಕ್ತಸ್ರಾವ ತಗ್ಗಿಸುವುದು ಅದರ ಕೆಲಸ. ಜೊತೆಗೆ ನನ್ನಂಥವರ ಹೆದರಿಕೆಗೆ ಡೋಲು ಬಾರಿಸುವುದನ್ನೂ ಅದು ಮಾಡುತ್ತದೆ. ಎರಡು ನಿಮಿಷಕ್ಕೆ ನಿಜವಾಗಿಯೂ ಇಳಿಯಿತು.

"ಓಠ ಬಧೀರ್ ಝಾಲಾ ಕಾ, ಕಾಕೂ?" ಸಹಾಯಕ ಹುಡುಗಿ ಕೇಳಿದಳು. ನಮ್ಮ ಕನ್ನಡದಲ್ಲಿ ಬಧಿರ ಎಂದರೆ ಕಿವುಡ. ಮರಾಠಿಯವರು ಮರಗಟ್ಟಿದ್ದಕ್ಕೂ ಅದನ್ನೇ ಹೇಳುತ್ತಾರೆ. ತುಟಿ ಕಿವುಡಾಯಿತೇ? ಇಷ್ಟು ವರ್ಷ ಕೇಳಿಸಿಕೊಂಡ ಪದ ಆ ದಿನ ಹೊಸದಾಗಿ ಕೇಳಿಸಿತು. ಹೌದು, ಕಿವುಡಾಗಿತ್ತು. ತುಟಿಯ ನಡುಗೆರೆಯ ಎಡಕ್ಕೆ ಏನೂ ಇಲ್ಲ, ಬಲಕ್ಕೆ ಎಲ್ಲವೂ ಇದೆ. ಬೆರಳಿನಿಂದ ಮುಟ್ಟಿದರೆ ಬೇರೆ ಯಾರದೋ ತುಟಿ, ದಪ್ಪಗಿನ ರಬ್ಬರಿನಂಥದ್ದು. ಕೆನ್ನೆಯ ಕಡೆಯ ವಸಡಿಗೆ ಬೇರೊಂದು ನರವಂತೆ, ಅಲ್ಲಿಗೆ ಇನ್ನೊಂದು ಸಣ್ಣ ಚುಚ್ಚು ಬಿತ್ತು. ಅದು ಗೊತ್ತೇ ಆಗಲಿಲ್ಲ.

ನಂತರದ ನಲವತ್ತು ನಿಮಿಷವನ್ನು ವಿವರಿಸುವುದು ಕಷ್ಟ. ವಸಡು ಕೊಯ್ದದ್ದು ತಿಳಿಯಲಿಲ್ಲ. ಮೂಳೆ ಕೊರೆದದ್ದು ತಲೆಬುರುಡೆಯೊಳಗೆ ರಸ್ತೆ ಅಗೆದಂತೆ ಕೇಳಿಸಿತು, ಆದರೆ ನೋವಿಲ್ಲ. ದವಡೆಯನ್ನು ಒತ್ತುವುದು, ಮೀಟುವುದು, ತಳ್ಳುವುದು ಎಲ್ಲವೂ ಗೊತ್ತಾಗುತ್ತಿತ್ತು. ನೋವು ಹೊತ್ತು ತರುವ ತೆಳು ನರತಂತುಗಳು ಮೊದಲು ಮಲಗುತ್ತವೆ, ಒತ್ತಡ ತಿಳಿಸುವ ದಪ್ಪ ತಂತುಗಳು ಅರ್ಧ ಎಚ್ಚರವಿರುತ್ತವೆ ಎಂಬುದನ್ನು ಓದಿಕೊಂಡೇ ಬಂದಿದ್ದೆ. ಆದರೂ ದೇಹಕ್ಕೆ ಅದನ್ನು ಒಪ್ಪಿಸಲು ಬಹಳ ಹೊತ್ತು ಬೇಕಾಯಿತು. ಪ್ರತಿ ಒತ್ತಿಗೂ, ಈಗ ಬಂತು, ಈಗ ಬಂತು ಎಂದು ಬೆರಳುಗಳು ಕುರ್ಚಿಯ ಕೈಯನ್ನು ಹಿಡಿಯುತ್ತಿದ್ದವು.

ಒಂದು ಸಲ ನಿಜವಾಗಿಯೂ ಬಂತು. ಹಲ್ಲನ್ನು ಎರಡಾಗಿ ಸೀಳುವಾಗ ಗಲ್ಲದಿಂದ ಕಿವಿಗೆ ಮಿಂಚು ಹೊಡೆದಂತಾಯಿತು. ಎಡಗೈ ತಾನಾಗಿ ಮೇಲೆದ್ದಿತು. ಯಂತ್ರದ ಸದ್ದು ತಕ್ಷಣ ನಿಂತಿತು. ಏನಾಯಿತು, ಎಲ್ಲಿ, ಮೊನಚಾಗಿತ್ತೇ ಎಂದು ಕೇಳಿ, ಹಲ್ಲಿನೊಳಗಿನ ನರಕ್ಕೇ ನೇರವಾಗಿ ಇನ್ನೂ ಸ್ವಲ್ಪ ಮದ್ದು ಹಾಕಿದರು. ಅದು ಒಂದು ಕ್ಷಣ ಪ್ರಾಣ ಹೋದಂತೆ ನೋಯಿತು, ಆಮೇಲೆ ಪೂರ್ತಿ ಇಲ್ಲವಾಯಿತು. "ಈಗ?" ಎಂದರು. ನಾನು ಕೈ ಇಳಿಸಿದೆ. ಕಣ್ಣಿನಿಂದ ನೀರು ಹರಿದು ಕಿವಿಯೊಳಗೆ ಹೋಗುತ್ತಿತ್ತು. ಹುಡುಗಿ ಒರೆಸಿ, ದುಖ್ತಂಯ್ ಕಾ, ನೋಯುತ್ತಿದೆಯೇ ಎಂದಳು. ಇಲ್ಲವೆಂದು ತಲೆಯಾಡಿಸಿದೆ.

ಒಟ್ಟು ಖರ್ಚಾದದ್ದು 4 ಎಂಎಲ್, 80 ಮಿಲಿಗ್ರಾಂ. ಹೊಲಿಗೆ ಮೂರು. ಹತ್ತಿ ಬಟ್ಟೆ ಕಚ್ಚಿಕೊಂಡು ಹೊರಗೆ ಬಂದಾಗ ಒಂದು ಗಂಟೆ. ಮರಗಟ್ಟಿದ್ದು ಇಳಿಯುವ ಮೊದಲೇ ನೋವಿನ ಮಾತ್ರೆ ನುಂಗಿ, ಇಳಿದ ಮೇಲೆ ಅಲ್ಲ, ಎಂಬುದು ಡಾಕ್ಟರ ಕೊನೆಯ ತಾಕೀತು. ಬಿಸಿಯದ್ದೇನೂ ಕುಡಿಯಬಾರದು, ತುಟಿ ಕಚ್ಚಿಕೊಳ್ಳಬಾರದು, ಸುಟ್ಟರೂ ಹರಿದರೂ ಗೊತ್ತಾಗುವುದಿಲ್ಲ.

ರಿಕ್ಷಾದವನಿಗೆ ವಿಳಾಸ ಹೇಳಲು ಹೋದರೆ ಪ, ಬ, ಮ ಅಕ್ಷರಗಳು ಬಾಯಿಂದ ಜಾರಿಬಿದ್ದವು. ಮೊಬೈಲಿನಲ್ಲಿ ಬರೆದು ತೋರಿಸಿದೆ. ಮನೆಯಲ್ಲಿ ಎರಡೂವರೆಗೆ ಮಾತ್ರೆಗೆಂದು ಕುಡಿದ ನೀರು ಎಡಗಡೆಯಿಂದ ನೈಟಿಯ ಮೇಲೆ ಸುರಿಯಿತು. ಮಗ ಅದನ್ನು ವೀಡಿಯೊ ಮಾಡಲು ಬಂದು ಬೈಸಿಕೊಂಡ, ಬೈಗುಳವೂ ಸರಿಯಾಗಿ ಬರಲಿಲ್ಲ. ಮೂರೂಮುಕ್ಕಾಲಿಗೆ ತುಟಿಯ ಅಂಚಿನಲ್ಲಿ ಒಂದು ಇರುವೆ ಹರಿದಂತಾಯಿತು. ನಾಲ್ಕೂವರೆಗೆ ನೂರು ಇರುವೆ. ಐದಕ್ಕೆ ತುಟಿ ನನ್ನದಾಗಿತ್ತು, ಅದರ ಹಿಂದೆಯೇ ನೋವೂ ಬಂದಿತ್ತು, ಮಾತ್ರೆಯ ಕೃಪೆಯಿಂದ ಸಹಿಸುವಷ್ಟು.

ಆಯಿ ಇದೆಲ್ಲವನ್ನೂ ಮಂಚದ ತುದಿಯಲ್ಲಿ ಕುಳಿತು ನೋಡುತ್ತಿದ್ದಳು. ನಾನು ಇನ್ನೂ ಮಾತಾಡಲಾಗದ ಹೊತ್ತಿನಲ್ಲಿ, ಡಾಕ್ಟರು ಕೀವಿನ ಬಗ್ಗೆ ಏನೋ ಹೇಳಿದರು ಎಂದಿದ್ದೆಯಲ್ಲ, ಅದನ್ನು ಇನ್ನೊಮ್ಮೆ ಹೇಳು ಎಂದಳು. ನಾನು ಕಾಗದದಲ್ಲಿ ಬರೆದೆ: ಕೀವಿದ್ದರೆ ಮದ್ದು ನಾಟುವುದಿಲ್ಲ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಕನ್ನಡಕ ತೆಗೆದಳು.

"ಆ ದಿನ ನಿನ್ನ ಕೈ ಹಿಡಿದದ್ದು ನಾನೇ" ಎಂದಳು.

ನನಗೆ ಅದು ನೆನಪಿರಲಿಲ್ಲ. ಕಂಪೌಂಡರ್ ಇರಬೇಕು ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ಏನಾದರೂ ಹೇಳಬೇಕೆಂದರೆ ಬಾಯಿಯ ಅರ್ಧ ಭಾಗ ಇರಲಿಲ್ಲ, ಪೆನ್ನು ಅವಳ ಕೈಯಲ್ಲಿತ್ತು.

ರಾತ್ರಿ ಒಂಬತ್ತಕ್ಕೆ ಎಂದಿನಂತೆ ಅವಳ ಬೆನ್ನಿಗೆ ಪ್ಯಾಚ್ ಹಚ್ಚುವ ಹೊತ್ತಾಯಿತು. ಹೋದ ವರ್ಷ ಅವಳಿಗೆ ಸರ್ಪಸುತ್ತು ಆಗಿತ್ತು. ಗುಳ್ಳೆಗಳು ಒಣಗಿ ಹೋದರೂ ಪಕ್ಕೆಯಲ್ಲಿ ಉರಿ ಉಳಿದಿದೆ, ಸೀರೆಯ ಸೆರಗು ತಾಗಿದರೂ ಬೆಂಕಿ ಎನ್ನುತ್ತಾಳೆ. ದಿನಕ್ಕೆ ಹನ್ನೆರಡು ಗಂಟೆ ಪ್ಯಾಚ್ ಇರಬೇಕು, ಹನ್ನೆರಡು ಗಂಟೆ ಇರಬಾರದು. ತಿಂಗಳುಗಟ್ಟಲೆ ಹರಿದೆಸೆದ ಆ ಪೊಟ್ಟಣದ ಮೇಲಿನ ಹೆಸರನ್ನು ನಾನು ಗಮನಿಸಿದ್ದು ಆ ವಾರವೇ. ಲಿಡೊಕೇನ್, ಶೇಕಡಾ 5. ಅವಳು ರವಿಕೆ ಸರಿಸಿ ಬೆನ್ನು ತಿರುಗಿಸಿ ಕುಳಿತಳು.

"ಕೀವಿಲ್ಲ ಅಲ್ಲವೇ?" ಎಂದು ಕೇಳಿದಳು.

ಇಲ್ಲ ಆಯಿ ಎಂದೆ. ಪ್ಯಾಚಿನ ಹಿಂದಿನ ಹಾಳೆ ಸುಲಿದು, ಉರಿಯುವ ಜಾಗ ಎಲ್ಲಿಂದ ಎಲ್ಲಿಯವರೆಗೆ ಎಂದು ಅವಳನ್ನೇ ಕೇಳಿ, ನಿಧಾನಕ್ಕೆ ಅಂಟಿಸಿದೆ.